ಏನೂ ಇಲ್ಲದ ಕಾಯಿಲೆ

ಹೇಳಬೇಕಾಗಿದ್ದ ಮಾತು ಬಹಳ ಚಿಕ್ಕದು. ‘ನಾಳೆ ಬೆಳಿಗ್ಗೆ ಮಾವಿನ ತೋಪಿಗೆ ಔಷಧಿ ಹೊಡೀತಾರಂತೆ, ಇವತ್ತೇ ರೇಷ್ಮೆ ಹುಳದ ಸೊಪ್ಪು ಕೊಯ್ದು ಇಟ್ಕೊಳ್ಳಬೇಕಂತೆ’ ಎಂದರೆ ಮುಗಿಯಿತು. ಭಾನುಪ್ರಿಯ ಅಂಗಳದ ಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತ ಆ ಮಾತನ್ನು ಬಾಯೊಳಗೇ ಹೊರಳಿಸಿ ನೋಡಿದಳು. ಅಷ್ಟರಲ್ಲಿ ಅತ್ತೆ ಸಿದ್ದಮ್ಮ ಬಾಗಿಲಿಗೆ ಬಂದು, ಸೊಸೆಯ ಮುಖ ಬಿಟ್ಟು ಬೂಟಿನ ಕಡೆ ನೋಡಿ, ಏನೂ ಅನ್ನದೆ ಒಳಗೆ ಹೋದಳು. ಏನೂ ಅನ್ನದೆ ಹೋಗುವುದರಲ್ಲಿ ಸಿದ್ದಮ್ಮನನ್ನು ಮೀರಿಸುವವರು ಅಕ್ಕೂರಿನಲ್ಲೇ ಇರಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು, ಆ ಜಗಳದ ನಡುವೆ ಔಷಧಿಯ ಸುದ್ದಿಯೂ ಹೇಗೋ ಜಾರಿ ಹೊರಗೆ ಬಿದ್ದುಬಿಡುತ್ತಿತ್ತು. ಈಗ ಅದನ್ನು ಬೇಕೆಂದೇ ಹೇಳಬೇಕು. ಹೇಳಿದರೆ ಯಾರು ಹೇಳಿದರು ಎನ್ನುತ್ತಾಳೆ. ತೋಪಿನ ಫಸಲು ಗುತ್ತಿಗೆ ಹಿಡಿದಿರುವ ಸಾಬೀರಣ್ಣ ಎನ್ನಬೇಕು. ಅವನು ನಿನಗೆಲ್ಲಿ ಸಿಕ್ಕಿದ? ತೋಪಿನಲ್ಲಿ. ಹೊತ್ತು ಮೂಡುವ ಮುಂಚೆ ತೋಪಿನಲ್ಲಿ ನಿನಗೇನು ಕೆಲಸ? ಇದಕ್ಕೆ ಉತ್ತರ ಇತ್ತು, ನಡೆಯುವುದೇ ನನ್ನ ಕೆಲಸ ಎಂದು. ಆದರೆ ಆ ಉತ್ತರವನ್ನು ಈ ಮನೆಯಲ್ಲಿ ಇದುವರೆಗೂ ಯಾರೂ ಉತ್ತರ ಎಂದು ಒಪ್ಪಿಕೊಂಡಿರಲಿಲ್ಲ. ಬೂಟನ್ನು ಮಂಚದ ಕೆಳಗೆ ತಳ್ಳಿ, ಸ್ನಾನ ಮಾಡಿದ ಮೇಲೆ ಹೇಳಿದರಾಯಿತು ಎಂದುಕೊಂಡು ಬಚ್ಚಲಿಗೆ ಹೋದಳು.

ಮನೆಯವರ ಲೆಕ್ಕದಲ್ಲಿ ಅವಳು ನಡೆಯುವುದು ಊರ ಮುಂದಿನ ಟಾರು ರಸ್ತೆಯಲ್ಲಿ, ಸ್ಕೂಲಿನವರೆಗೆ. ಮೊದಮೊದಲು ಹಾಗೇ ಇತ್ತು. ಆದರೆ ಆ ದಾರಿಯಲ್ಲಿ ಹಾಲಿನ ಡೈರಿ ಇದೆ, ಬೆಳಗಾದರೆ ಕ್ಯಾನು ಹಿಡಿದು ಅರ್ಧ ಊರು ಅಲ್ಲಿ ನಿಂತಿರುತ್ತದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹಾಗಾಗಿ ಬಹಳ ನಾಜೂಕಾಗಿ ‘ದೂರಾನೇನವ್ವ?’ ಎಂದು ಕೇಳುತ್ತಿದ್ದರು. ‘ಇಲ್ಲೇ ಒಸಿ’ ಎಂದು ಅವಳು ಹೇಳುತ್ತಿದ್ದಳು. ಅರ್ಧ ಗಂಟೆಗೆ ಬರಿಗೈಯಲ್ಲಿ ವಾಪಸು ಬಂದಾಗ ಕೇಳಿದವರೇ ಅವಳ ಬರಿಗೈ ನೋಡುತ್ತಿದ್ದರು. ಹಾಲು ಅಳೆಯುವ ವರಲಕ್ಷ್ಮಮ್ಮ ಒಂದು ದಿನ, ‘ಗಂಡಂದು ನೈಟ್ ಶಿಫ್ಟು, ಹೆಂಡ್ರುದು ಬೆಳಗಿನ್ ಶಿಫ್ಟು ಕಣ್ರಪ್ಪ’ ಎಂದಾಗ ಎಲ್ಲರೂ ನಕ್ಕರು, ಭಾನುಪ್ರಿಯಳೂ ನಕ್ಕಳು. ತಾನೂ ನಕ್ಕದ್ದೇ ಮನೆಗೆ ಬಂದ ಮೇಲೆ ಹೆಚ್ಚು ಉರಿಯಿತು. ಕೈಯಲ್ಲೊಂದು ಚೀಲ ಹಿಡಿದರೆ ಯಾರೂ ಕೇಳುವುದಿಲ್ಲವೆಂದು ಕೆಲವು ದಿನ ಖಾಲಿ ಚೀಲ ಹಿಡಿದೂ ನಡೆದಳು. ಚೀಲ ಹಿಡಿದ ಕೈ ಬೀಸಲು ಬರುತ್ತಿರಲಿಲ್ಲ, ತಾನು ಏನನ್ನೋ ಕದ್ದು ಸಾಗಿಸುತ್ತಿರುವ ಹಾಗೆ ಅನಿಸುತ್ತಿತ್ತು. ಕೊನೆಗೆ ಹಿತ್ತಲಿನ ಬೇಲಿ ದಾಟಿ, ಅಂಚಿನಲ್ಲಿದ್ದ ತಮ್ಮ ಹಿಪ್ಪುನೇರಳೆ ಸೊಪ್ಪಿನ ತೋಟದ ಬದುವಿನ ಮೇಲೆ ಹೋಗಿ, ಪಕ್ಕದ ಪ್ರಕಾಶನ ಮಾವಿನ ತೋಪಿನೊಳಗೆ ಒಂದು ಸುತ್ತು ಹಾಕಿ ಬರುವ ದಾರಿ ಹಿಡಿದಳು. ಅಲ್ಲಿ ಯಾರಿಗೂ ಏನನ್ನೂ ಹೇಳಬೇಕಿರಲಿಲ್ಲ. ಹೂ ಬಿಟ್ಟ ಮರಗಳ ಅಡಿಯಲ್ಲಿ ಕೈ ಬೀಸಿ ನಡೆಯಬಹುದಿತ್ತು, ಏದುಸಿರು ಬಿಡಬಹುದಿತ್ತು, ಯಾರ ಮೇಲೋ ಬಂದ ಸಿಟ್ಟನ್ನು ಗಟ್ಟಿಯಾಗಿ ಬೈದು ತೀರಿಸಿಕೊಳ್ಳಬಹುದಿತ್ತು.

ಕಾಯಿಲೆಯ ಹೆಸರು ಏನೆಂದು ಅವಳಿಗೆ ಈಗಲೂ ಸರಿಯಾಗಿ ಹೇಳಲು ಬಾರದು. ಹುಳುಮನೆಯಲ್ಲಿ ಸೊಪ್ಪು ಹರಡುತ್ತಿದ್ದಾಗ ಒಂದು ದಿನ ಎದೆ ಇದ್ದಕ್ಕಿದ್ದಂತೆ ಡವಡವ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ತಾನು ಇನ್ನೇನು ಸತ್ತೆ ಎಂದು ಕಿರುಚಿಕೊಂಡಿದ್ದಳು. ಕಾರಿನಲ್ಲಿ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದರು, ಎದೆಗೆ ವೈರು ಅಂಟಿಸಿ ಪಟ್ಟಿ ತೆಗೆದರು, ಹಾರ್ಟಿನಲ್ಲಿ ಏನೂ ಇಲ್ಲ ಎಂದರು. ಗಂಡ ಮನೋಹರ್ ಸಮಾಧಾನದ ಉಸಿರು ಬಿಟ್ಟ. ಸಿದ್ದಮ್ಮನಿಗೆ ಮಾತ್ರ ಮೋಸ ಹೋದಂತಾಯಿತು. ‘ಏನೂ ಇಲ್ದಿದ್ಕಾ ಇಷ್ಟೊಂದು ಕೂಗಾಡಿದ್ದು?’ ಎಂದಳು. ಅಂದಿನಿಂದ ಅದು ಮನೆಯಲ್ಲಿ ಏನೂ ಇಲ್ಲದ ಕಾಯಿಲೆಯಾಯಿತು. ಎರಡನೇ ಸಲ, ಮೂರನೇ ಸಲ ಬಂದಾಗ ಕಾರು ಬರಲಿಲ್ಲ. ಕೊನೆಗೆ ಒಬ್ಬಳೇ ಬಸ್ಸು ಹತ್ತಿ ಹೋದಾಗ ಅಲ್ಲಿದ್ದ ಡಾಕ್ಟರಮ್ಮ ಒಂದು ಮಾತ್ರೆ ಬರೆದುಕೊಟ್ಟು, ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ ಎಂದರು. ‘ದಿನಾ ಸೊಪ್ಪು ಹೊರ್ತೀನಲ್ಲ ಮೇಡಂ’ ಎಂದಿದ್ದಕ್ಕೆ, ‘ಅದು ಕೆಲಸ, ಅದರಲ್ಲಿ ಮೈ ದಣಿಯುತ್ತೆ, ಅಷ್ಟೇ. ಜೋರಾಗಿ ನಡೆದಾಗಲೂ ನಿಮ್ಮೆದೆ ಹೊಡ್ಕೊಳ್ಳುತ್ತೆ, ಆದರೆ ಅದನ್ನ ನೀವೇ ಹೊಡ್ಕೊಳ್ಳೋ ಹಾಗೆ ಮಾಡಿರ್ತೀರಿ. ನಿಂತರೆ ತಾನಾಗೇ ಇಳಿಯುತ್ತೆ. ದಿನಾ ಅದನ್ನ ನೋಡ್ತಾ ಇದ್ರೆ ಹೆದರಿಕೆ ಸವೆಯುತ್ತೆ. ಒಂದು ದಿನ ಮಾಡಿ ಒಂದು ದಿನ ಬಿಟ್ಟರೆ ಪ್ರಯೋಜನ ಇಲ್ಲ’ ಎಂದಿದ್ದರು. ಮನೆಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲು ಹೋದರೆ ಸಿದ್ದಮ್ಮ, ‘ಸೊಪ್ಪು ಹೊರಾಕೆ ಸುಸ್ತು ಅಂತಾಳೆ, ಸುಮ್ಕೆ ತಿರಗಾಕೆ ಶಕ್ತಿ ಐತೆ’ ಎಂದು ಗೋಡೆಗೆ ಹೇಳಿದಳು.

ಆದರೂ ಬಿಡಲಿಲ್ಲ. ಜೀವನದಲ್ಲಿ ಯಾರೂ ಒತ್ತಾಯ ಮಾಡದೆ ಅವಳು ಹಿಡಿದ ಹಟ ಅದೊಂದೇ. ಫಲ ಕೊಟ್ಟಿತು ಕೂಡ. ನಿದ್ದೆ ಬಂತು. ಹೋದ ತಿಂಗಳು ಚನ್ನಪಟ್ಟಣದಿಂದ ಬರುವಾಗ, ಉಸಿರಾಡಲೂ ಜಾಗವಿಲ್ಲದ ಪ್ರೈವೇಟ್ ಬಸ್ಸಿನಲ್ಲಿ ಎದೆ ಮತ್ತೆ ಏರತೊಡಗಿತ್ತು. ಹಿಂದಾಗಿದ್ದರೆ ಕೂಗಿ ಬಸ್ಸು ನಿಲ್ಲಿಸಿ ರಸ್ತೆಯಲ್ಲಿ ಇಳಿದುಬಿಡುತ್ತಿದ್ದಳು. ಅವತ್ತು ಕಂಬಿ ಹಿಡಿದು ನಿಂತು, ತೋಪಿನ ದಿಬ್ಬ ಹತ್ತುವಾಗಲೂ ಹೀಗೇ ತಾನೆ ಆಗೋದು ಎಂದುಕೊಂಡಳು. ಏರಿದ್ದು ಇಳಿಯಿತು. ಊರು ಬಂದಾಗ ಎಲ್ಲರಂತೆ ಇಳಿದಳು. ಎಷ್ಟು ದೊಡ್ಡ ಕೆಲಸ ಮಾಡಿ ಬಂದಿದ್ದೇನೆಂದು ಯಾರಿಗಾದರೂ ಹೇಳಬೇಕೆನಿಸಿತು. ಹೇಳುವುದಾದರೂ ಏನು, ಬಸ್ಸಿನಲ್ಲಿ ಬಂದೆ ಎಂದೇ? ಮನೋಹರನ ಮುಂದೆ ಬಾಯಿ ತೆರೆದಳು, ಅವನು ಬಿಡದಿಯ ಕಾರ್ಖಾನೆಯ ಯೂನಿಫಾರಂ ಗುಂಡಿ ಹಾಕಿಕೊಳ್ಳುತ್ತ ‘ಸೀಟು ಸಿಕ್ತಾ?’ ಎಂದ.

ಈಗ ಆ ಅರ್ಧ ಗಂಟೆಯೇ ಈ ಚಿಕ್ಕ ಮಾತಿನ ಕೈಗೆ ಸಿಕ್ಕಿಹಾಕಿಕೊಂಡಿತ್ತು. ತೋಪಿನ ಬೋರ್‌ವೆಲ್ ಶೆಡ್ಡಿನ ಹತ್ತಿರ ಸಾಬೀರ್ ಎದುರಾಗಿದ್ದ. ರಾಮನಗರದವನು, ಅಪ್ಪನ ಕಾಲದಿಂದ ಇದೇ ತೋಪಿನ ಫಸಲು ಹಿಡಿಯುತ್ತಿದ್ದವನು. ದಿನಾ ಅವಳನ್ನು ಕಂಡರೆ ಬೇಕೆಂದೇ ಮರದ ಆಚೆ ಬದಿಗೆ ಸರಿದು ದಾರಿ ಬಿಡುತ್ತಿದ್ದವನು ಇವತ್ತು ದೂರದಲ್ಲೇ ನಿಂತು, ‘ಅಕ್ಕಾ, ನಾಳೆ ಬೆಳಿಗ್ಗೆ ಔಷಧಿ ಹೊಡಿತೀವಿ. ನಿಮ್ಮನೇಲಿ ಹುಳ ಐತಲ್ಲ, ಅಂಚಿನ ಸೊಪ್ಪು ಇವತ್ತೇ ಕೊಯ್ಕೊಳಿ, ಈ ಕಡೆ ಕಿಟಕಿ ಮುಚ್ಚಿ. ಮನೇಲಿ ಹೇಳ್ಬುಡಿ, ಮರೀಬೇಡಿ’ ಎಂದಿದ್ದ. ಔಷಧಿ ಹೊಡೆಯುವವನು ಹಿಂದಿನ ದಿನವೇ ರೇಷ್ಮೆಯ ಮನೆಗಳಿಗೆ ಹೇಳಬೇಕು, ಅದು ಈ ಕಡೆಯ ಪದ್ಧತಿ. ಆ ವಿಷ ತಾಕಿದ ಒಂದು ಎಲೆ ಸಾಕು ಹುಳಕ್ಕೆ. ಬೇರೆಯವರಾಗಿದ್ದರೆ ಮನೆಬಾಗಿಲಿಗೆ ಬಂದು ಹೇಳುತ್ತಿದ್ದರು. ಮನೆಯವಳೇ ಎದುರಿಗೆ ಸಿಕ್ಕಿದ್ದಾಳಲ್ಲ ಎಂದು ಅವನು ಇವಳಿಗೆ ಹೇಳಿದ. ಅವನದೇನು ತಪ್ಪು? ಇವಳೂ ‘ಹೂಂ, ಹೇಳ್ತೀನಿ’ ಎಂದಿದ್ದಳು.

ಸ್ನಾನ ಆಯಿತು, ಮುದ್ದೆ ಆಯಿತು, ಹೇಳಲಿಲ್ಲ. ಹೇಳದೆಯೇ ಮಾಡಿಬಿಡಬಹುದಲ್ಲ ಎಂಬ ಯೋಚನೆ ಮಧ್ಯಾಹ್ನದ ಹೊತ್ತಿಗೆ ಬಂದಾಗ ಅವಳಿಗೆ ತನ್ನ ಬುದ್ಧಿಯ ಮೇಲೇ ಮೆಚ್ಚುಗೆಯಾಯಿತು. ಕುಡುಗೋಲು ತೆಗೆದುಕೊಂಡು ಅಂಚಿನ ತೋಟಕ್ಕೆ ಹೋಗಿ ನಾಳೆಯ ಸೊಪ್ಪನ್ನೂ ಕೊಯ್ದು, ಹೊರೆ ಮೇಲೆ ಹೊರೆ ತಂದು ಹುಳುಮನೆಯ ಮುಂದೆ ಹಾಕಿದಳು. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳುಗಳು, ತಟ್ಟೆ ತುಂಬ ಬೆರಳಿನಷ್ಟು ದಪ್ಪಗೆ ಬಿಳಿಚಿಕೊಂಡು ಮಲಗಿದ್ದವು. ಇನ್ನು ಮೂರ್ನಾಲ್ಕು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾದವು, ಎಷ್ಟು ಹಾಕಿದರೂ ತಿನ್ನುವ ವಯಸ್ಸು. ಸಿದ್ದಮ್ಮ ಹೊರೆ ನೋಡಿ ನಿಂತಳು.

‘ನಾಳೇದ್ನ ಇವತ್ತೇ ಯಾಕೆ ಕುಯ್ದೆ? ಬಾಡಿದ್ ಸೊಪ್ಪು ಹಾಕೀಯಾ?’

‘ಮೋಡ ಐತೆ ಅತ್ತೆ. ಮಳೆ ಬಂದ್ರೆ ಸೊಪ್ಪು ನೆನೀತದೆ.’

ಸಿದ್ದಮ್ಮ ತಲೆ ಎತ್ತಿ ಆಕಾಶವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಸಂಕ್ರಾಂತಿ ಕಳೆದ ಆಕಾಶ, ಒಂದು ಎಳೆ ಮೋಡವಿರಲಿಲ್ಲ. ಮತ್ತೆ ಏನೂ ಅನ್ನಲಿಲ್ಲ. ಸಂಜೆಯ ಮೇವಿಗೆ ಅಷ್ಟೂ ಸೊಪ್ಪನ್ನು ತಾನೇ ಎತ್ತಿ ಹರಡಿ ಮುಗಿಸಿದಳು. ಭಾನುಪ್ರಿಯ ತೋಪಿನ ಕಡೆಯ ಕಿಟಕಿಗಳನ್ನು ಮುಚ್ಚಿದಳು. ‘ಹುಳ ಉಸ್ರು ಕಟ್ಕತದೆ, ನೀನು ಕಂಬಳಿ ಹೊದ್ಕ ಹೋಗು’ ಎಂದು ಸಿದ್ದಮ್ಮ ಅವನ್ನು ತೆರೆದಳು. ಭಾನುಪ್ರಿಯ ಕಿಟಕಿಯ ಪಕ್ಕ ನಿಂತೇ ಇದ್ದಳು, ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಈಗ ಹೇಳಿದರೆ ಬೆಳಿಗ್ಗೆಯಿಂದ ಮುಚ್ಚಿಟ್ಟದ್ದಕ್ಕೂ ಸೇರಿಸಿ ಲೆಕ್ಕ ಕೊಡಬೇಕು. ಬೆಳಿಗ್ಗೆ ಒಂದು ಸುಳ್ಳಿನಷ್ಟಿದ್ದದ್ದು ಸಂಜೆಗೆ ಮೂರಾಗಿತ್ತು. ಬೆಳಿಗ್ಗೆ ಬೇಗ ಎದ್ದು ತಾನೇ ಕಿಟಕಿ ಮುಚ್ಚಿ, ತೋಪಿನಿಂದ ದೂರವಿದ್ದ ಇನ್ನೊಂದು ತೋಟದ ಸೊಪ್ಪು ತಂದು ಹಾಕಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡು ಮಲಗಿದಳು.

ಬೇಗ ಎದ್ದಳು, ಕಿಟಕಿಯನ್ನೂ ಮುಚ್ಚಿದಳು. ಅಲ್ಲೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಎದ್ದ ಕೂಡಲೆ ಕಾಲುಗಳು ಬೂಟು ಹುಡುಕಿದವು. ಒಂದು ದಿನ ಬಿಟ್ಟರೆ ಪ್ರಯೋಜನವಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು. ನಡೆದು ಬಂದ ಮೇಲೆ ಸೊಪ್ಪು ತಂದರೂ ಹೊತ್ತಾಗುವುದಿಲ್ಲವೆಂದು, ತೋಪು ಬಿಟ್ಟು ಟಾರು ರಸ್ತೆಗೆ ಇಳಿದಳು. ಡೈರಿಯ ಮುಂದೆ ಅದೇ ಪ್ರಶ್ನೆ, ಅದೇ ಉತ್ತರ. ಸ್ಕೂಲಿನವರೆಗೆ ಹೋಗಿ ಬೆವರಿ ತಿರುಗಿ ಬಂದರೆ, ಹುಳುಮನೆಯ ಬಾಗಿಲಲ್ಲಿ ಮನೋಹರ್ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ನೈಟ್ ಶಿಫ್ಟ್ ಮುಗಿಸಿ ಬಂದವನು ಮಲಗಿರಲಿಲ್ಲ. ‘ನೀನು ವಾಕಿಂಗ್ ಮುಗಿಸ್ಕಂಡು ನಿಧಾನಕ್ಕೇ ಬಾ ಅಂತ ನಾನೇ ಸೊಪ್ಪು ತಂದು ಹಾಕ್ಬುಟ್ಟೆ’ ಎಂದು ನಕ್ಕ. ಅವಳ ನಡಿಗೆಯ ಬಗ್ಗೆ ಅವನು ಆಡಿದ ಮೊದಲ ಒಳ್ಳೆಯ ಮಾತು ಅದು.

‘ಯಾವ ಸೊಪ್ಪು?’

‘ಅಂಚಿನ್ ತೋಟದ್ದು. ಅದೇ ತಾನೆ ಬಲ್ತಿರೋದು?’

ಅವಳು ಮುಚ್ಚಿ ಹೋಗಿದ್ದ ಕಿಟಕಿಗಳು ಮತ್ತೆ ಹಾರುಹೊಡೆದಿದ್ದವು. ತೋಪಿನ ಕಡೆಯಿಂದ ಔಷಧಿ ಹೊಡೆಯುವ ಮೋಟರಿನ ಸದ್ದು ಬರುತ್ತಿತ್ತು. ದಿನಾ ಯಾರದೋ ಮೋಟರು ಓಡುತ್ತಲೇ ಇರುವ ಊರಿನಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವಳು ಹಗ್ಗದ ಮೇಲಿನ ಟವೆಲನ್ನು ನೋಡಿದಳು, ಅದು ಅಲುಗಾಡುತ್ತಿರಲಿಲ್ಲ. ಗಾಳಿಯಿಲ್ಲ, ಹಾಗಾದರೆ ಈಚೆಗೆ ಬಂದಿರಲಾರದು. ಹಾಕಿದ ಸೊಪ್ಪನ್ನು ಈಗ ತೆಗೆಸಿದರೂ ಹುಳು ಆಗಲೇ ಬಾಯಿ ಹಾಕಿಯಾಗಿದೆ. ಮನೋಹರನ ಮುಖದಲ್ಲಿದ್ದ ಆ ಸಣ್ಣ ಹೆಮ್ಮೆಯನ್ನು ಒಡೆಯಲು ಅವಳಿಗೆ ಬಾಯಿ ಬರಲಿಲ್ಲ. ‘ಕಾಫಿ ಕೊಡ್ತೀನಿ ಬನ್ನಿ’ ಎಂದಳು. ಆಮೇಲೆ ಎಷ್ಟೋ ಸಲ, ಆ ಕಾಫಿ ಕಾಯಿಸುವಾಗ ತಾನು ಏನನ್ನು ಯೋಚಿಸುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ್ದಾಳೆ. ಹಾಲು ಒಡೆಯದಿರಲಿ ಎಂದು ಯೋಚಿಸುತ್ತಿದ್ದಳು, ಅಷ್ಟೇ.

ಮಧ್ಯಾಹ್ನಕ್ಕೆ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದವು. ಆಮೇಲೆ ಬಾಯಿಂದ ಹಸಿರು ರಸ ಕಾರಿದವು. ಕಾರಿದ ಹುಳು ಕುಗ್ಗಿ, ಮಡಚಿ, ಸೊಪ್ಪಿನ ಮೇಲಿಂದ ಹೊರಳಿ ಬೀಳುತ್ತಿತ್ತು. ಹೊತ್ತಿಳಿಯುವಷ್ಟರಲ್ಲಿ ಹುಳುಮನೆಯಲ್ಲಿ ಮೇಯುವ ಸದ್ದೇ ನಿಂತಿತು. ಸಿದ್ದಮ್ಮ ನೆಲದ ಮೇಲೆ ಕೂತು, ಒಂದೊಂದೇ ಹುಳುವನ್ನು ಅಂಗೈ ಮೇಲಿಟ್ಟುಕೊಂಡು ನೋಡುತ್ತ, ಇದು ಬದುಕೀತು, ಇದು ಬದುಕೀತು ಎಂದು ಪಕ್ಕಕ್ಕಿಡುತ್ತಿದ್ದಳು. ಯಾವುದೂ ಬದುಕುವಂತಿರಲಿಲ್ಲ. ಹೆರಿಗೆ ನೋವಿನಲ್ಲೂ ಕಣ್ಣೀರು ಹಾಕದವಳು ಎಂದು ಹೆಸರಾದ ಸಿದ್ದಮ್ಮನ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನಿದ್ದೆಯಿಂದೆದ್ದ ಮನೋಹರ್ ಒಂದು ತಟ್ಟೆಯನ್ನು ಮೂಗಿಗೆ ಹಿಡಿದು ನೋಡಿದ. ‘ಔಷಧಿ!’ ಎಂದ. ಪಂಚೆ ಎತ್ತಿಕಟ್ಟಿ ತೋಪಿನ ಕಡೆ ಹೊರಟ. ಭಾನುಪ್ರಿಯ ಹಿಂದೆಯೇ ಓಡಿದಳು.

ಅವಳು ಹೋಗುವಷ್ಟರಲ್ಲಿ ಶೆಡ್ಡಿನ ಮುಂದೆ ಜನ ಸೇರಿತ್ತು. ತೋಪಿನ ಯಜಮಾನ ಪ್ರಕಾಶ್ ಬೈಕಿನಲ್ಲಿ ಬಂದಿದ್ದ. ಮನೋಹರ್ ಸಾಬೀರನ ಶರ್ಟಿನ ಹತ್ತಿರಕ್ಕೆ ಕೈ ಒಯ್ದಿದ್ದ, ಇನ್ನೂ ಹಿಡಿದಿರಲಿಲ್ಲ.

‘ಹೇಳ್ಬುಟ್ಟು ಹೊಡೀಬೇಕು ಅಂತ ಗೊತ್ತಿಲ್ವಾ ಸಾಬ್ರೆ? ನೆನ್ನೆ ಮೊನ್ನೆ ಬಂದೋರಾ ನೀವು?’

‘ಹೇಳಿದ್ನಲ್ಲಣ್ಣ...’

‘ಯಾರ್ಗೆ ಹೇಳಿದ್ರಿ? ಹೇಳಿ, ಯಾರ್ಗೆ?’

ಸಾಬೀರ್ ಬಾಯಿ ತೆರೆದ. ಮನೋಹರನ ಹೆಗಲ ಮೇಲಿಂದ ಅವನ ಕಣ್ಣು ಭಾನುಪ್ರಿಯಳ ಮೇಲೆ ಬಿತ್ತು. ಒಂದು ಕ್ಷಣ ನೋಡಿದ, ಅವಳ ಸುತ್ತ ನಿಂತಿದ್ದ ಗಂಡಸರನ್ನು ನೋಡಿದ, ಮತ್ತೆ ನೆಲ ನೋಡಿದ. ‘ಇಲ್ಲಣ್ಣ’ ಎಂದ, ‘ಹೇಳ್ಬೇಕು ಅನ್ಕೊಂಡಿದ್ದೆ. ಮರ್ತೋದೆ. ನಂದೇ ತಪ್ಪು.’

ಅವಳಿಗೆ ಎದೆ ಏರಿತು. ಬೆರಳ ತುದಿಗಳು ತಣ್ಣಗಾದವು. ಇದು ದಿಬ್ಬ, ಅಷ್ಟೇ, ಎಂದುಕೊಂಡು ಎರಡು ಹೆಜ್ಜೆ ಮುಂದೆ ಬಂದಳು. ‘ಅವ್ರು ಹೇಳಿದ್ರು’ ಎಂದಳು. ‘ನೆನ್ನೆ ಬೆಳಿಗ್ಗೆ ನಂಗೇ ಹೇಳಿದ್ರು. ಸೊಪ್ಪು ಕುಯ್ಕಳಿ, ಕಿಟಕಿ ಮುಚ್ಚಿ ಅಂದ್ರು. ನಾನು ಮನೇಲಿ ಹೇಳ್ಲಿಲ್ಲ.’

ಬೈಯುತ್ತಾರೆ ಎಂದುಕೊಂಡಿದ್ದಳು, ಹೊಡೆದರೂ ಹೊಡೆಯಬಹುದು ಎಂದುಕೊಂಡಿದ್ದಳು. ಅದಕ್ಕೆಲ್ಲ ಮೈ ಗಟ್ಟಿಮಾಡಿಕೊಂಡು ನಿಂತಿದ್ದಳು. ಆದರೆ ಮನೋಹರನ ಮುಖದಲ್ಲಿ ಸಿಟ್ಟು ಇಳಿದು, ಅದರ ಜಾಗದಲ್ಲಿ ಒಂದು ಬಗೆಯ ಕನಿಕರ ಬಂತು. ಹತ್ತಿರ ಬಂದು ಮೆಲ್ಲಗೆ ಅವಳ ತೋಳು ಹಿಡಿದ. ‘ಆಯ್ತು ಬಾನು, ಆಯ್ತು. ಮನೆಗೆ ನಡಿ’ ಎಂದ. ಉಳಿದವರ ಕಡೆ ತಿರುಗಿ, ‘ಅವಳಿಗೆ ಉಸಾರಿಲ್ಲ ಕಣ್ರಪ್ಪ. ಗಾಬ್ರಿ ಆದ್ರೆ ಎಲ್ಲಾನೂ ತನ್ ತಲೆ ಮೇಲೇ ಹಾಕ್ಕತಾಳೆ’ ಎಂದ. ಗಂಡಸರು ತಲೆಯಾಡಿಸಿದರು. ಅವರಿಗೆಲ್ಲ ಗೊತ್ತಿತ್ತು, ಬೆಳಗಾದರೆ ಬರಿಗೈಯಲ್ಲಿ ರಸ್ತೆಯ ಉದ್ದಕ್ಕೂ ಬಿರಬಿರನೆ ನಡೆಯುವ ಹೆಂಗಸು.

‘ನಂಗೇನೂ ಆಗಿಲ್ಲ. ಸಾಬೀರಣ್ಣ, ನೀವು ಹೇಳಿ. ಇದೇ ಶೆಡ್ಡಿನ ಹತ್ರ ತಾನೆ ಹೇಳಿದ್ದು?’

‘ಇಲ್ಲಕ್ಕ’ ಎಂದ ಸಾಬೀರ್, ಅವಳನ್ನು ನೋಡದೆ. ‘ನಾನು ನಿಮ್ಮನ್ನ ನೋಡೇ ಇಲ್ಲ.’

ಒಳ್ಳೆಯದಕ್ಕೇ ಹೇಳಿದ, ಅದು ಅವಳಿಗೂ ಗೊತ್ತು. ಅವಳ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದ. ಕೇಳಿಕೊಂಡವರು ಯಾರು? ಆ ಗಳಿಗೆಯಲ್ಲಿ ಗಂಡನಿಗಿಂತ, ತಲೆಯಾಡಿಸಿದ ಅಷ್ಟು ಜನರಿಗಿಂತ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು ಸಾಬೀರನ ಮೇಲೆ. ಅವಳ ಕೈಯಲ್ಲಿದ್ದ ಒಂದೇ ಒಂದು ನಿಜವನ್ನು ಅವನ ಮರ್ಯಾದೆ ಕಿತ್ತುಕೊಂಡುಬಿಟ್ಟಿತ್ತು. ಪ್ರಕಾಶ್ ಬೈಕಿನ ಮೇಲೆ ಕೂತೇ ತೀರ್ಮಾನ ಹೇಳಿದ. ‘ಈ ಫಸ್ಲು ಇಳಿಸ್ಕಂಡು ಹೋಗಿ ಸಾಬ್ರೆ. ಮುಂದಿನ್ ವರ್ಷದಿಂದ ಬೇರೆ ತೋಪು ನೋಡ್ಕಳಿ. ಊರಲ್ಲಿ ನಾವೂ ಬದುಕ್ಬೇಕಲ್ಲ.’ ಸಾಬೀರ್ ಎದುರಿನ ಮರದ ಕಡೆ ನೋಡಿದ. ಅದರ ಕೆಳಕೊಂಬೆಗೆ ಅವನ ಅಪ್ಪ ಊರುಗೋಲು ಕೊಟ್ಟು ನಿಲ್ಲಿಸಿದ್ದು ಊರಿಗೆಲ್ಲ ಗೊತ್ತಿತ್ತು. ‘ಆಯ್ತಣ್ಣ’ ಎಂದ.

ಅವಳ ನಡಿಗೆಯನ್ನು ಯಾರೂ ಬೇಡ ಎನ್ನಲಿಲ್ಲ. ಎಂದಿದ್ದರೆ ಹೋರಾಡಬಹುದಿತ್ತು. ಮನೋಹರ್ ಎರಡು ದಿನ ರಜೆ ಹಾಕಿ ಹುಳುಮನೆಯ ಸುತ್ತಲಿನ ಕಲ್ಲು ಮುಳ್ಳು ತೆಗೆದು, ನೆಲ ಮಟ್ಟ ಮಾಡಿ, ‘ಇಲ್ಲೇ ಸುತ್ತು ಹಾಕು, ರೋಡಲ್ಲಿ ಲಾರಿ ಗೀರಿ ಬತ್ತವೆ’ ಎಂದ. ಬೆವರು ಒರೆಸಿಕೊಳ್ಳುತ್ತ ಅವಳ ಮೆಚ್ಚುಗೆಗೆ ಕಾಯುತ್ತ ನಿಂತಿದ್ದ. ಮಾತ್ರೆ ತಗೊಂಡ್ಯಾ ಎಂದು ಹೊತ್ತುಹೊತ್ತಿಗೆ ಕೇಳುತ್ತಿದ್ದ. ಅವಳು ‘ಸಾಬೀರಣ್ಣ ನಂಗೆ ಹೇಳಿದ್ದು ನಿಜ ಕಣ್ರೀ’ ಎಂದಾಗಲೆಲ್ಲ ‘ಹೂಂ, ನಿಜ’ ಎಂದು ಮಗುವಿಗೆ ಹೇಳುವಂತೆ ಹೇಳಿ ಬೆನ್ನು ಸವರುತ್ತಿದ್ದ. ಸತ್ಯ ಹೇಳಿದಷ್ಟೂ ಕಾಯಿಲೆ ಹೆಚ್ಚಾದಂತೆ ಅವರಿಗೆ ಕಾಣುತ್ತಿತ್ತು, ಹೇಳದಿದ್ದರೆ ವಾಸಿಯಾದಂತೆ. ಏನೂ ಇಲ್ಲದ ಕಾಯಿಲೆ ಇದ್ದಾಗ ಯಾರೂ ನಂಬಿರಲಿಲ್ಲ, ಈಗ ಕಾಯಿಲೆ ಇಲ್ಲದಾಗ ಎಲ್ಲರೂ ನಂಬಿದ್ದರು.

ಅವಳು ಗಾಣದ ಎತ್ತಿನಂತೆ ಹುಳುಮನೆಯನ್ನು ಸುತ್ತಿದಳು. ಒಳಗಿಂದ ಬ್ಲೀಚಿಂಗ್ ಪುಡಿಯ ವಾಸನೆ, ತೊಳೆದು ಒರಗಿಸಿಟ್ಟ ಖಾಲಿ ತಟ್ಟೆಗಳು. ಜಗುಲಿಯ ಮೇಲೆ ಕಾವಲಿಗೆ ಕೂತ ಹಾಗೆ ಸಿದ್ದಮ್ಮ. ಒಂದು ಬೆಳಿಗ್ಗೆ ಸುತ್ತುತ್ತ ಸುತ್ತುತ್ತ ಎಂಥ ರೋಷ ಬಂತೆಂದರೆ, ಜಗುಲಿಯ ಮುಂದೆ ಬಂದಾಗಲೆಲ್ಲ ‘ಅವ್ರು ನಂಗೆ ಹೇಳಿದ್ರು ಅತ್ತೆ’ ಎಂದಳು. ಸಿದ್ದಮ್ಮ ‘ನಡಿ ನಡಿ’ ಎಂದಳು. ಮತ್ತೆ ಸುತ್ತಿ ಬಂದು ಮತ್ತೆ ಹೇಳಿದಳು. ಮತ್ತೆ ಬಂದಳು.

‘ಗೊತ್ತು ಕಣೆ’ ಎಂದಳು ಸಿದ್ದಮ್ಮ.

ಭಾನುಪ್ರಿಯ ನಿಂತಳು.

‘ದಿನಾ ಬೇಲಿ ದಾಟ್ಕಂಡು ಅತ್ಲಾಗೆ ಹೋಗಿದ್ದು ನಾನು ನೋಡಿಲ್ವಾ? ಆವತ್ತು ಇಲ್ಲದ ಮೋಡ ತೋರಿಸ್ದಾಗ್ಲೇ ಏನೋ ಐತೆ ಅಂದ್ಕಂಡೆ. ಕೇಳ್ಬೇಕಿತ್ತು, ಕೇಳ್ಲಿಲ್ಲ. ಹೊಟ್ಟೆ ಉರ್ದೋಯ್ತದೆ ನೆನಸ್ಕಂಡ್ರೆ.’

‘ಮತ್ಯಾಕೆ ಹೇಳ್ಲಿಲ್ಲ ಅತ್ತೆ? ಅಷ್ಟು ಜನ ನನ್ನ ಹುಚ್ಚಿ ಅಂತ ನೋಡ್ತಿದ್ರಲ್ಲ?’

‘ಹುಚ್ಚಿ ಅಂದ್ರೆ ಒಂದಿನ ವಾಸಿ ಆಯ್ತು ಅಂತಾರೆ. ಕತ್ಲು ಹರಿಯಾಕೆ ಮುಂಚೆ ತೋಪಲ್ಲಿ ಯಾರನ್ನೋ ನೋಡಾಕೆ ಹೋಯ್ತಿದ್ಲು ಅಂತ ಬಾಯಿಗೆ ಬಿದ್ರೆ ಅದು ವಾಸಿ ಆಗಾಕಿಲ್ಲ ಕಣವ್ವ. ನಿಂಗೂ ಆಗಾಕಿಲ್ಲ, ನನ್ ಮಗಂಗೂ ಆಗಾಕಿಲ್ಲ. ಹುಳ ಹೋದ್ವು, ಮತ್ತೆ ಬತ್ತವೆ. ಬಾಯ್ಮುಚ್ಕಂಡು ನಡಿ.’

ಸಿದ್ದಮ್ಮ ಇಷ್ಟು ಉದ್ದದ ಮಾತನ್ನು ಸೊಸೆಯ ಮುಖ ನೋಡಿ ಆಡಿದ್ದು ಅದೇ ಮೊದಲು. ಅದರಲ್ಲಿ ಪ್ರೀತಿ ಇತ್ತು, ಅದೇ ಹಿಂಸೆಯಾಗಿತ್ತು. ಸಾಬೀರ್ ಅವಳ ಮಾನ ಕಾದ, ಮನೋಹರ್ ಅವಳ ಕಾಯಿಲೆ ಕಾದ, ಸಿದ್ದಮ್ಮ ಮನೆ ಕಾದಳು. ಇಷ್ಟು ಜನ ಸೇರಿ ಕಾದದ್ದಕ್ಕೆ ರಾಮನಗರದ ಒಬ್ಬ ಮನುಷ್ಯ ಅಪ್ಪನ ಕಾಲದ ತೋಪು ಬಿಟ್ಟು ಹೋಗಬೇಕು. ಅವಳು ಬಚ್ಚಲಿಗೆ ಹೋಗಿ ಮುಖ ತೊಳೆದು, ಸೀರೆ ಸರಿಮಾಡಿಕೊಂಡು, ಗೇಟು ತೆಗೆದಳು. ‘ಬಾನು, ಬ್ಯಾಡ’ ಎಂದಳು ಸಿದ್ದಮ್ಮ. ಅದು ಅಪ್ಪಣೆಯಾಗಿರಲಿಲ್ಲ, ಬೇಡಿಕೊಂಡಂತಿತ್ತು. ತಿರುಗಿ ನೋಡಿದರೆ ಹೋಗಲಾರೆ ಎನಿಸಿ ಭಾನುಪ್ರಿಯ ತಿರುಗಿ ನೋಡಲಿಲ್ಲ.

ಪ್ರಕಾಶ್ ಕೊಟ್ಟಿಗೆಯ ಮುಂದೆ ಹಸುವಿನ ಮೈ ತೊಳೆಯುತ್ತಿದ್ದ. ಅವಳನ್ನು ಕಂಡು ಪೈಪು ಕೆಳಗಿಟ್ಟ. ‘ಬನ್ನಿ ಅಕ್ಕ, ಮನೋಹರ ಬರ್ಲಿಲ್ವಾ?’ ಎಂದ. ಅವಳು ಜಗುಲಿಯ ಮೇಲೆ ಕೂತು, ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದಳು. ದಿನಾ ನಿಮ್ಮ ತೋಪಿನಲ್ಲಿ ನಡೀತಿದ್ದೆ. ಸಾಬೀರಣ್ಣ ದೂರ ನಿಂತು ಹೇಳಿದ್ರು. ಮನೇಲಿ ಹೇಳಿದ್ರೆ ನನ್ನ ನಡಿಗೆ ನಿಲ್ಲಿಸ್ತಾರೆ ಅಂತ ನಾನು ಮುಚ್ಚಿಟ್ಟೆ. ಅವ್ರದ್ದೇನೂ ತಪ್ಪಿಲ್ಲ, ತೋಪು ಬಿಡಿಸಬೇಡಿ. ಪ್ರಕಾಶ್ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ, ಒಣಗಿದ ಮೇಲೂ ಒರೆಸಿಕೊಂಡ.

‘ಯಾಕಕ್ಕ ಇದೆಲ್ಲ ಈಗ? ಜನ ಕೇಳಿದ್ರೆ ಏನಂತಾರೆ?’

‘ಏನಂತಾರೆ, ಹೇಳಿ.’

ಅವನು ಹಸುವಿನ ಕಡೆ ತಿರುಗಿದ. ‘ನಿಮಗೆ ಉಸಾರಿಲ್ಲ ಅಂತ ಮನೋಹರ...’ ಎಂದು ಅರ್ಧಕ್ಕೆ ನಿಲ್ಲಿಸಿದ.

‘ಉಸಾರಿಲ್ಲದೋರು ಹಿಂಗೆ ಹೇಳ್ತಾರಾ ಪ್ರಕಾಶಣ್ಣ? ನನ್ನ ಮುಖ ನೋಡಿ ಹೇಳಿ.’

ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ, ಹೊಡೆದುಕೊಳ್ಳುತ್ತಲೇ ಮಾತಾ‌ಡಲು ಬರುತ್ತದೆ ಎಂದು ಅವಳಿಗೆ ಈಗ ಗೊತ್ತಿತ್ತು. ಪ್ರಕಾಶ್ ಅವಳ ಮುಖವನ್ನು ನೋಡಿದ, ಬಹಳ ಹೊತ್ತು ನೋಡಲಾಗಲಿಲ್ಲ. ಜೇಬಿನಿಂದ ಫೋನು ತೆಗೆದು, ‘ತಡೀರಿ, ಮನೋಹರಂಗೆ ಒಂದು ಫೋನ್ ಮಾಡ್ತೀನಿ’ ಎಂದ.

‘ಮಾಡಿ. ಸಾಬೀರಣ್ಣಂಗೂ ಮಾಡಿ. ಇಬ್ರೂ ಬರ್ಲಿ. ಇಬ್ರ ಮುಂದೇನೂ ಇನ್ನೊಂದ್ಸಲ ಹೇಳ್ತೀನಿ. ಅವ್ರು ಇಲ್ಲ ಅಂದ್ರೆ ಮತ್ತೊಂದ್ಸಲ ಹೇಳ್ತೀನಿ. ನಾನು ಹೋಗಲ್ಲ, ಇಲ್ಲೇ ಕೂತಿರ್ತೀನಿ.’

ಹಸು ಮೈ ಕೊಡವಿದ್ದಕ್ಕೆ ಇಬ್ಬರ ಮೇಲೂ ನೀರು ಸಿಡಿಯಿತು. ಯಾರೂ ಒರೆಸಿಕೊಳ್ಳಲಿಲ್ಲ. ಪ್ರಕಾಶ್ ಫೋನಿನ ಮೇಲೆ ಬೆರಳಿಟ್ಟ. ಆಮೇಲೆ ತಲೆ ಎತ್ತದೆ ಕೇಳಿದ.

‘ಮೊದ್ಲು ಯಾರಿಗೆ ಮಾಡ್ಲಿ ಅಕ್ಕ?’

‘ಸಾಬೀರಣ್ಣಂಗೆ’ ಎಂದಳು.